ಕೋಡೊಲೆಯ ನೀರು

ಹೊಳೆದಂಡೆಯಲ್ಲಿ ಒಂದು ಮಠವಿತ್ತು. ಅಲ್ಲಿ ಪವಾಡ ನಡೆದದ್ದನ್ನು ಕಂಡವರಿಲ್ಲ. ಮಧ್ಯಾಹ್ನ ಬಂದವರಿಗೆ ಅನ್ನ ಸಿಗುತ್ತಿತ್ತು, ಅಷ್ಟೆ.

ಎಂಟು ದಿನದಿಂದ ಅದೂ ಸರಿಯಾಗಿ ಸಿಗುತ್ತಿರಲಿಲ್ಲ. ದಾಸೋಹದ ದೊಡ್ಡ ಒಲೆ ಕಾಯುತ್ತಿರಲಿಲ್ಲ.

ಅಡುಗೆಮನೆಯ ಉಸ್ತುವಾರಿ ಶಿಷ್ಯ ಶಂಭುಲಿಂಗನದು. ಓದಿಕೊಂಡವನು. ಓದಿದ್ದರಲ್ಲಿ ಒಲೆಯ ವಿಚಾರ ಎಲ್ಲೂ ಬಂದಿರಲಿಲ್ಲ. ಸೌದೆ ಹಸಿಯಿರಬೇಕೆಂದು ಒಣಸೌದೆ ತರಿಸಿದ. ಬೂದಿ ಬಳಿಸಿದ. ಊದುಗೊಳವೆ ಹಿಡಿದು ಕಣ್ಣು ಕೆಂಪಾಗುವವರೆಗೆ ಊದಿದ. ಕೊನೆಗೆ ಒಲೆಗೆ ವಿಭೂತಿ ಎಳೆದು ಪೂಜೆಯನ್ನೂ ಮಾಡಿದ. ಬೆಂಕಿ ಭಗಭಗ ಉರಿಯಿತು. ಅಕ್ಕಿ ಅಕ್ಕಿಯಾಗಿಯೇ ಉಳಿಯಿತು.

ಇನ್ನು ಉಳಿದದ್ದು ಅಡುಗೆಯ ಚಿಕ್ಕತಾಯಮ್ಮ.

"ವಯಸ್ಸಾಯ್ತು ಕಣಮ್ಮ, ನಿನ್ನ ಕೈಲಿ ಆಗ್ತಿಲ್ಲ," ಎಂದ. "ಇವತ್ತು ಗುರುಗಳಿಗೆ ಹೇಳ್ತೀನಿ. ಬೇರೆಯವರನ್ನ ನೋಡಬೇಕು."

ಮುದುಕಿ ಮೂವತ್ತು ವರ್ಷ ಆ ಒಲೆಯ ಮುಂದೆ ಕೂತವಳು. ಹೋಗಲು ಬೇರೆ ಮನೆ ಇರಲಿಲ್ಲ. ಆದರೂ ಎದ್ದಳು. ಎರಡು ಸೀರೆ ಮಡಿಸಿ, ನಡುವೆ ಸೌಟು ಇಟ್ಟು ಗಂಟು ಕಟ್ಟಿದಳು.

"ಸೌಟು ಮಠದ್ದು," ಎಂದ ಶಂಭುಲಿಂಗ.

"ನಮ್ಮವ್ವಂದು. ಮಠದ್ದು ಅಂದ್ರೆ ಒಲೆ. ಅದನ್ನ ನೀವೇ ಇಟ್ಕೊಳ್ಳಿ ಸ್ವಾಮಿ, ಚೆನ್ನಾಗಿ ಕಾಯ್ತದೆ."

ಶಂಭುಲಿಂಗ ಹೊರಟ. ಗುರುಗಳು ಪಡಸಾಲೆಯಲ್ಲಿ ಕೂತು ಕಾವಿಬಟ್ಟೆಯ ಹರಿದ ಅಂಚು ಹೊಲಿಯುತ್ತಿದ್ದರು.

"ಒಲೆ ಕಾಯ್ತಾ ಇಲ್ಲ, ಬುದ್ಧಿ."

"ಜನ?"

"ಕಾಯ್ತಾ ಇದ್ದಾರೆ."

"ಎಷ್ಟು ಹೊತ್ತಿಂದ?"

"ಎಲೆ ಹಾಕಿ ಒಂದು ಗಂಟೆಯಾಯ್ತು. ನಿನ್ನೆ ಅರೆಬೆಂದದ್ದು ತಿಂದು ಇಬ್ಬರು ಮಕ್ಕಳಿಗೆ ಹೊಟ್ಟೆನೋವು. ನಾನು ಎಲ್ಲ ಮಾಡಿ ನೋಡಿದೆ. ದೋಷ ಒಲೇಲಿಲ್ಲ, ಕೈಯಲ್ಲಿದೆ. ಚಿಕ್ಕತಾಯಮ್ಮನನ್ನ ಕಳಿಸಿಬಿಡಬೇಕು, ಬುದ್ಧಿ."

ಗುರುಗಳು ದಾರವನ್ನು ಹಲ್ಲಲ್ಲಿ ಕಡಿದರು.

"ನನ್ನ ಸ್ನಾನದ ನೀರು ಕಾದಿದೆಯಾ, ಮರಿ?"

ಈ ಒಂದು ಪ್ರಶ್ನೆಗಾದರೂ ಒಳ್ಳೆಯ ಉತ್ತರವಿದೆಯಲ್ಲ ಎಂದು ಶಂಭುಲಿಂಗನಿಗೆ ಸಮಾಧಾನವಾಯಿತು.

"ಓಹೋ, ಕಾದಿದೆ. ಹಂಡೆ ಮರಳ್ತಾ ಇದೆ."

"ಯಾವ ಒಲೆ ಮೇಲೆ?"

ಶಂಭುಲಿಂಗ ಅಡುಗೆಮನೆಯ ಕಡೆ ತಿರುಗಿ ನೋಡಿದ.

ಮಠದಲ್ಲಿ ಇದ್ದದ್ದು ಒಂದೇ ಒಲೆ. ಅದರ ಮೇಲೆ ಅನ್ನದ ಕೊಪ್ಪರಿಗೆ. ಅದರ ಬೆನ್ನಿಗಂಟಿಕೊಂಡು ಒಂದು ಕೋಡೊಲೆ. ಕೋಡೊಲೆಗೆ ಬೇರೆ ಸೌದೆ ಇಡುವುದಿಲ್ಲ. ಕೊಪ್ಪರಿಗೆಯ ಅಡಿಯಲ್ಲಿ ಮಿಕ್ಕ ಉರಿ ನಡುವಿನ ಕಿಂಡಿಯಲ್ಲಿ ನುಸುಳಿ ಬಂದು, ಅಲ್ಲಿಟ್ಟ ಹಂಡೆಯನ್ನು ಉಗುರುಬೆಚ್ಚಗೆ ಮಾಡುತ್ತಿತ್ತು. ಗುರುಗಳ ಸ್ನಾನಕ್ಕೆ ಆ ನೀರು.

ಇಬ್ಬರೂ ಅಡುಗೆಮನೆಗೆ ಬಂದರು. ಚಿಕ್ಕತಾಯಮ್ಮ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದಳು.

ಗುರುಗಳು ಅಡ್ಡವಿದ್ದ ಹಲಗೆ ಸರಿಸಿ, ಕೋಡೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡಿದರು.

"ಈ ಕಿಂಡಿ ಮೊದಲು ಮುಷ್ಟಿಯಗಲ ಇತ್ತು. ಈಗ ನಿನ್ನ ತಲೆ ಹಿಡಿಸೋ ಹಾಗಿದೆ. ಯಾರು ಕೊರೆದದ್ದು?"

"ನಾನು, ಬುದ್ಧಿ." ಅವನ ದನಿ ಇಳಿಯಿತು. "ಚಳಿ ಜಾಸ್ತಿಯಾಯ್ತು. ತಮಗೆ ಮಂಡಿನೋವು. ತಮಗೋಸ್ಕರ..."

"ಎಷ್ಟು ದಿನವಾಯ್ತು?"

"ಎಂಟು."

ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು.

"ನೀನು ನೋಡಲಿಲ್ಲವೇ, ತಾಯಿ?" ಎಂದರು ಗುರುಗಳು.

"ಹೆಂಗೆ ನೋಡಾನ, ಬುದ್ಧಿ? ಗುರುಗಳ ನೀರು, ಆ ಕಡೆ ಸುಳೀಬೇಡ ಅಂತ ಇವ್ರು ಹಲಗೆ ಅಡ್ಡ ಇಟ್ಟವ್ರೆ. ನಾನು ನನ್ನ ಕೈಯೇ ಸೋತಿತು ಅಂದ್ಕೊಂಡೆ."

ಗುರುಗಳು ಹಂಡೆಯ ಕಡೆ ನೋಡಿದರು.

"ನೀರು ಹಿತವಾಗಿತ್ತು. ಅದಕ್ಕೇ ನಾನೂ ಕೇಳಲಿಲ್ಲ," ಎಂದರು. ಆಮೇಲೆ ಶಿಷ್ಯನ ಕಡೆ ತಿರುಗಿ, "ಹಂಡೆ ಇಳಿಸು. ಆ ನೀರನ್ನ ಅಕ್ಕಿಗೆ ಹುಯ್ಯಿ."

"ತಮ್ಮ ಸ್ನಾನದ ನೀರು, ಬುದ್ಧಿ!"

"ಇನ್ನೂ ಸ್ನಾನ ಮಾಡಿಲ್ಲವಲ್ಲ."

ಚಿಕ್ಕತಾಯಮ್ಮ ಕೊಪ್ಪರಿಗೆಯ ಉಗುರುಬೆಚ್ಚನೆಯ ನೀರನ್ನು ಬಸಿದಳು. ಶಂಭುಲಿಂಗ ಮರಳುವ ನೀರು ಸುರಿದ.

ಗುರುಗಳು ತಾವೇ ಮಣ್ಣು ಕಲಸಲು ಕೂತರು.

"ನೀರು ಹೆಚ್ಚಾಯ್ತು, ಬುದ್ಧಿ. ದೋಸೆ ಹಿಟ್ಟಲ್ಲ ಅದು," ಎಂದಳು ಮುದುಕಿ.

ಗುರುಗಳು ಇನ್ನೊಂದು ಬೊಗಸೆ ಮಣ್ಣು ಹಾಕಿಕೊಂಡರು. ಕಿಂಡಿಗೆ ಕಲ್ಲು ಕೊಟ್ಟು, ಮುಷ್ಟಿಯಗಲ ಬಿಟ್ಟು, ಸುತ್ತ ಮಣ್ಣು ಮೆತ್ತಿದರು. ಉರಿ ಹಿಂದಕ್ಕೆ ಓಡುವುದನ್ನು ಬಿಟ್ಟು ಕೊಪ್ಪರಿಗೆಯ ಅಡಿಗೆ ತಾಗಿತು. ಸ್ವಲ್ಪ ಹೊತ್ತಿಗೆ ಅಕ್ಕಿ ಕೊತಕೊತ ಕುದಿಯಿತು. ಯಾರೂ ಜಯಕಾರ ಹಾಕಲಿಲ್ಲ.

"ಆ ಗಂಟು ಕಟ್ಟಿಸಿದೋನು ನೀನು," ಎಂದರು ಗುರುಗಳು. "ಬಿಚ್ಚು."

ಶಂಭುಲಿಂಗ ಮುದುಕಿಯ ಮುಂದೆ ನೆಲಕ್ಕೆ ಕೂತ. ಗಂಟು ಬಿಗಿಯಾಗಿತ್ತು. ಉಗುರು ಹಾಕಿ ಬಿಚ್ಚಬೇಕಾಯಿತು. ಸೌಟನ್ನು ಎರಡು ಕೈಯಲ್ಲಿ ಎತ್ತಿ ಕೊಟ್ಟ. ಅವಳು ಅವನ ಮುಖ ನೋಡಲಿಲ್ಲ. ಸೌಟು ತೆಗೆದುಕೊಂಡು ಅನ್ನ ತಿರುವಲು ಎದ್ದಳು.

ಕೊನೆಯ ಪಂಕ್ತಿ ಏಳುವಾಗ ಹೊತ್ತು ಇಳಿದಿತ್ತು. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಗುರುಗಳು ಸ್ನಾನವಿಲ್ಲದೆ, ಊಟವಿಲ್ಲದೆ ಜಗಲಿಯ ಮೇಲೆ ಕೂತಿದ್ದರು. ಕೈಗೆ ಮೆತ್ತಿದ ಮಣ್ಣು ಒಣಗಿ ಬಿರಿದಿತ್ತು.

ಶಂಭುಲಿಂಗ ಹಂಡೆಗೆ ಹೊಸ ನೀರು ತುಂಬಿ ಕೋಡೊಲೆಯ ಮೇಲಿಟ್ಟಿದ್ದ. ಮೂರು ಸಲ ಬೆರಳದ್ದಿ ನೋಡಿದ. ಆಮೇಲೆ ಹೊರಗೆ ಬಂದು ನಿಂತ.

"ಇನ್ನು ಮೇಲೆ ಈ ನೀರು ಬೇಗ ಕಾಯೋದಿಲ್ಲ, ಬುದ್ಧಿ."

"ಅದು ಕಾಯೋವರೆಗೆ ನಾನು ಕಾಯ್ತೀನಿ."