ಅಕ್ಕನ ಡಿಫರೆನ್ಷಿಯಲ್

ಕಡಲಿಗೆ ಹತ್ತಿರದ ಗೋಳಿಬೈಲು ಎಂಬ ಊರಿನಲ್ಲಿ ವಾಮನ ಕೋಟ್ಯಾನ್ ಎಂಬ ಗುರು ಇದ್ದರು. ಗುರು ಎಂದರೆ ಶಾಲೆಯ ಗುರುವಲ್ಲ, ಆಶ್ರಮದ ಗುರುವೂ ಅಲ್ಲ. ಅವರು ರೇಸಿನ ಕಾರುಗಳನ್ನು ಸಿದ್ಧಪಡಿಸುತ್ತಿದ್ದರು, ಅವನ್ನು ಓಡಿಸುವುದನ್ನೂ ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಮಾಸ್ಟ್ರು ಎಂದು ಕರೆಯುತ್ತಿದ್ದರು. ಅವರ ಶಿಷ್ಯೆಯ ಹೆಸರು ಶರಲ್ ಮೊಂತೇರೊ.

ಶರಲ್‌ಗೆ ಒಂದು ಹಂಬಲವಿತ್ತು. ಈ ಕಥೆಯಲ್ಲಿ ನಡೆಯುವುದೆಲ್ಲ ಆ ಹಂಬಲದಿಂದಲೇ. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಅವಳಿಗೆ ಪ್ರೆಸಿಲ್ಲಾ ಎಂಬ ಅಕ್ಕ ಇದ್ದಳು. ಅಕ್ಕನೂ ಮಾಸ್ಟ್ರ ಶಿಷ್ಯೆಯೇ. ಊರಿನ ಮುಚ್ಚಿದ ಹಂಚಿನ ಕಾರ್ಖಾನೆಯ ಅಂಗಳಕ್ಕೆ ಡಾಂಬರು ಹಾಕಿ ಒಂದು ಸಣ್ಣ ರೇಸ್ ಟ್ರ್ಯಾಕ್ ಮಾಡಿದ್ದರು. ಅದರ ಕೊನೆಯ ತಿರುವು ಕಾರ್ಖಾನೆಯ ಹಳೆಯ ಚಿಮಿಣಿಯನ್ನು ಸುತ್ತಿ ಬರುತ್ತಿತ್ತು. ಎಲ್ಲರೂ ಅದನ್ನು ಚಿಮಿಣಿ ತಿರುವು ಎನ್ನುತ್ತಿದ್ದರು. ಅಲ್ಲಿ ಬೇರೆಯವರ ಕಾರುಗಳು ಕಿರುಚಿಕೊಂಡು, ಜಾರಿಕೊಂಡು ಹೊರಬರುತ್ತಿದ್ದವು. ಪ್ರೆಸಿಲ್ಲಾಳ ಕಾರು ಮಾತ್ರ ಎಲ್ಲಿಯೂ ತುಂಡಾಗದ ಒಂದೇ ಸದ್ದಿನಲ್ಲಿ ಹೊರಬರುತ್ತಿತ್ತು. ಬೇಲಿಯ ಹತ್ತಿರ ನಿಂತ ಶರಲ್ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು: "ಈಗ ಬಂದದ್ದು ನನ್ನ ಅಕ್ಕ."

ಆಮೇಲೆ ಪ್ರೆಸಿಲ್ಲಾ ಕಾನ್ವೆಂಟ್ ಸೇರಿದಳು. ಕಾನ್ವೆಂಟ್ ಎಂದರೆ ಇಲ್ಲಿ ಇಂಗ್ಲಿಷ್ ಶಾಲೆ ಅಲ್ಲ, ಕ್ರೈಸ್ತ ಸನ್ಯಾಸಿನಿಯರ ಮಠ. ಯಾರೂ ಅವಳನ್ನು ಒತ್ತಾಯಿಸಿದ್ದಲ್ಲ. ಅವಳಾಗಿಯೇ ಬಯಸಿ ಹೋದಳು, ಸಂತೋಷದಿಂದಲೇ ಹೋದಳು. ಈಗ ಅವಳು ದೂರದ ಜಾರ್ಖಂಡ್‌ನ ಕಾಡಿನಂಚಿನ ಒಂದು ಆಸ್ಪತ್ರೆಯಲ್ಲಿದ್ದಳು. ಭಾನುವಾರ ಸಂಜೆ ಸಿಗ್ನಲ್ ಸಿಕ್ಕಿದರೆ ಫೋನ್ ಮಾಡುತ್ತಿದ್ದಳು. ಅವಳ ಕಾರು ಯಾರಿಗೋ ಮಾರಿಹೋಯಿತು. ಮನೆಯಲ್ಲಿ ಊಟದ ಮೇಜಿನ ಬಳಿ ಅವಳು ಕೂರುತ್ತಿದ್ದ ಕುರ್ಚಿಯ ಮೇಲೆ ಈಗ ಇಸ್ತ್ರಿಗೆ ಹೋಗುವ ಬಟ್ಟೆ ಇಡುತ್ತಿದ್ದರು. ಸತ್ತವರಿಗಾಗಿ ಅಳಬಹುದು. ಸುಖವಾಗಿ ಇರುವವರಿಗಾಗಿ ಅಳುವುದು ಹೇಗೆ? ಶರಲ್‌ಗೆ ಅದು ತಿಳಿಯುತ್ತಿರಲಿಲ್ಲ. ಅದಕ್ಕೇ ಅವಳು ಕಾರು ಓಡಿಸಲು ಕಲಿತಳು.

ಇಷ್ಟರಲ್ಲಿ ಒಂದು ಸುದ್ದಿ ಬಂತು. ಕಾರ್ಖಾನೆಯ ಜಾಗದಲ್ಲಿ ಗೋದಾಮು ಕಟ್ಟುತ್ತಾರೆ, ಮಳೆಗಾಲಕ್ಕೆ ಮುಂಚೆ ಟ್ರ್ಯಾಕ್ ಅಗೆಯುತ್ತಾರೆ. ಇನ್ನು ಉಳಿದಿರುವುದು ಒಂದೇ ಓಟ. ಅದಾದ ಮೇಲೆ ಚಿಮಿಣಿ ತಿರುವೇ ಇರುವುದಿಲ್ಲ.

ಶರಲ್ ಮಾಸ್ಟ್ರ ಗ್ಯಾರೇಜಿಗೆ ಓಡಿದಳು.

"ಮಾಸ್ಟ್ರೇ, ನನಗೆ ಕಪ್ ಬೇಡ. ಆ ತಿರುವಿನಿಂದ ಒಮ್ಮೆ, ಒಂದೇ ಒಮ್ಮೆ, ಅಕ್ಕನ ಹಾಗೆ ಹೊರಗೆ ಬರಬೇಕು. ಅಕ್ಕನ ಡಿಫರೆನ್ಷಿಯಲ್ ನಿಮ್ಮ ಹತ್ತಿರ ಉಂಟಲ್ಲ? ಅದನ್ನು ನನ್ನ ಕಾರಿಗೆ ಹಾಕಿ ಕೊಡಿ."

ಡಿಫರೆನ್ಷಿಯಲ್ ಎಂದರೇನು ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ, ಕಷ್ಟವಿಲ್ಲ. ಮಕ್ಕಳೇ, ಶಾಲೆಯಲ್ಲಿ ಮಾರ್ಚ್‌ಪಾಸ್ಟ್ ಮಾಡಿದ್ದೀರಲ್ಲ? ಸಾಲು ತಿರುಗುವಾಗ ಒಳತುದಿಯ ಹುಡುಗ ಸಣ್ಣ ಹೆಜ್ಜೆ ಹಾಕುತ್ತಾನೆ, ಹೊರತುದಿಯವನು ದೊಡ್ಡ ಹೆಜ್ಜೆ ಹಾಕುತ್ತಾನೆ. ಇಬ್ಬರ ಹೆಜ್ಜೆಯೂ ಒಂದೇ ಅಳತೆಯದಾದರೆ ಸಾಲು ತಿರುಗುವುದೇ ಇಲ್ಲ. ಕಾರಿನ ಎರಡು ಚಕ್ರಗಳೂ ಹಾಗೆಯೇ. ಅವನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗಂಟಿಗೆ ಡಿಫರೆನ್ಷಿಯಲ್ ಎನ್ನುತ್ತಾರೆ. ಇಂಜಿನ್ನಿನ ಬಲ ಚಕ್ರಗಳಿಗೆ ಹೋಗುವುದೂ ಅದರ ಮೂಲಕವೇ.

ಆದರೆ ಮಾಮೂಲಿ ಡಿಫರೆನ್ಷಿಯಲ್‌ಗೆ ಒಂದು ದೌರ್ಬಲ್ಯವಿದೆ. ವೇಗವಾಗಿ ತಿರುಗುವಾಗ ಕಾರು ಹೊರಗೆ ವಾಲುತ್ತದೆ, ಒಳಗಿನ ಚಕ್ರ ಹಗುರವಾಗುತ್ತದೆ. ಆಗ ಆ ಹಗುರ ಚಕ್ರವೇ ಸುಮ್ಮನೆ ಗಿರಗಿರ ತಿರುಗುತ್ತದೆ, ಭಾರ ಹೊತ್ತ ಚಕ್ರಕ್ಕೆ ಬಲ ಸಿಗುವುದಿಲ್ಲ. ಇದನ್ನು ತಡೆಯಲು ರೇಸಿನವರು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕುತ್ತಾರೆ. ಹೆಸರು ಉದ್ದ, ಅರ್ಥ ಸಣ್ಣದು: ಚಕ್ರ ಜಾರಲಿ, ಆದರೆ ಮಿತಿಯಲ್ಲಿ ಜಾರಲಿ.

ಮಾಸ್ಟ್ರ ಗ್ಯಾರೇಜಿನಲ್ಲಿ ಅಂಥವು ಎರಡಿದ್ದವು. ಒಂದು ಪ್ಲೇಟಿನದು. ಅದರೊಳಗೆ ಉಕ್ಕಿನ ತಟ್ಟೆಗಳು ಒಂದಕ್ಕೊಂದು ಒತ್ತಿಕೊಂಡು ಎರಡೂ ಚಕ್ರಗಳನ್ನು ಗಟ್ಟಿಯಾಗಿ ಕಟ್ಟಿಹಾಕುತ್ತವೆ. ಬಲ ಎಂದೂ ಪೋಲಾಗುವುದಿಲ್ಲ, ಆದರೆ ಸ್ಟಿಯರಿಂಗ್ ಕಲ್ಲಿನಂತಾಗುತ್ತದೆ. ಇದೇ ಅಕ್ಕನದು. ಅವಳ ಕಾರು ಮಾರುವ ಮುಂಚೆ ಮಾಸ್ಟ್ರು ಅದನ್ನು ಬಿಚ್ಚಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಇನ್ನೊಂದು ಗೇರಿನದು. ಅದು ಕೈಗೆ ಮೃದು. ಹಗುರವಾದ ಚಕ್ರಕ್ಕೆ ಎಷ್ಟು ಹಿಡಿತವಿದೆಯೋ ಅದರ ಕೆಲವು ಪಟ್ಟು ಬಲವನ್ನು ಇನ್ನೊಂದು ಚಕ್ರಕ್ಕೆ ಕೊಡುತ್ತದೆ.

ಮಾಸ್ಟ್ರು ಸ್ಪ್ಯಾನರ್ ಕೆಳಗಿಟ್ಟರು. "ನೋಡು ಶರಲ್, ಇದು ಮುಂದಿನ ಚಕ್ರಗಳಿಂದ ಓಡುವ ಕಾರು. ಎಳೆಯುವುದೂ ಅವೇ, ತಿರುಗುವುದೂ ಅವೇ. ಅವನ್ನು ಗಟ್ಟಿ ಕಟ್ಟಿದರೆ ಕಾರು ನಿನ್ನ ಕೈಯನ್ನೇ ಎಳೆದುಕೊಂಡು ಹೋಗ್ತದೆ. ನಿನ್ನ ಅಕ್ಕ ಶಾಲೆಯ ಆಟೋಟದಲ್ಲಿ ಕಬ್ಬಿಣದ ಗುಂಡು ಎಸೆದು ತೋಳು ಗಟ್ಟಿಯಾದವಳು. ಮೇಲಾಗಿ ಅವಳು ಕಾರನ್ನು ಪೂರ್ತಿ ತಿರುಗಿಸಿ ಆದಮೇಲೆ ಆಕ್ಸಿಲರೇಟರ್ ಒತ್ತುತ್ತಿದ್ದಳು. ನೀನು ತಿರುಗಿಸುತ್ತಾ ಒತ್ತುವವಳು. ಪ್ಲೇಟನ್ನು ನಾನು ಬಿಗಿ ಮಾಡಿದ್ದು ಅವಳ ಕೈಗೆ."

"ನಾನು ಅವಳ ತಂಗಿ ಅಲ್ವಾ?"

"ತಂಗಿ ಹೌದು. ಆದರೆ ತೋಳು ಅವಳದ್ದಲ್ಲ ಮಾರಾಯ್ತಿ."

"ಹಾಕಿ ಕೊಡಿ ಮಾಸ್ಟ್ರೇ," ಎಂದಳು ಶರಲ್. ಮಾಸ್ಟ್ರು ಮತ್ತೆ ವಾದಿಸಲಿಲ್ಲ. ಗೇರ್‌ಬಾಕ್ಸ್ ಇಳಿಸಿ ಅಕ್ಕನದ್ದನ್ನೇ ಹಾಕಿದರು.

ಮರುದಿನ ಅಭ್ಯಾಸ. ಶರಲ್ ಚಿಮಿಣಿ ತಿರುವಿಗೆ ಬಂದಳು, ತಿರುಗಿಸುತ್ತಾ ಆಕ್ಸಿಲರೇಟರ್ ಒತ್ತಿದಳು. ಸ್ಟಿಯರಿಂಗ್ ಅವಳ ಕೈಯಿಂದ ಕಿತ್ತುಕೊಂಡು ಹೋಯಿತು. ಕಾರು ತಿರುಗಲಿಲ್ಲ. ನೇರವಾಗಿ ಹೋಗಿ ಟ್ರ್ಯಾಕಿನಂಚಿಗೆ ಪೇರಿಸಿದ್ದ ಹಳೆಯ ಟಯರುಗಳ ರಾಶಿಗೆ ಗುದ್ದಿತು. ಅವಳಿಗೆ ಪೆಟ್ಟಾಗಲಿಲ್ಲ, ಬಂಪರ್ ಮಾತ್ರ ಜೋತುಬಿತ್ತು.

ಪಕ್ಕದ ಗ್ಯಾರೇಜಿನ ರಕ್ಷಿತ್ ಆಳ್ವ ಓಡಿಬಂದು ಟಯರು ಸರಿಸಿದ. ಅವನೂ ಓಟಕ್ಕಿದ್ದವನು. ಅವಳು ಕ್ಷೇಮವೆಂದು ಖಾತ್ರಿಯಾದ ಕೂಡಲೇ ತಮಾಷೆ ಶುರುಮಾಡಿದ.

"ಎಂತ ಶರಲ್, ಗೋಡೆ ಹಾರಿ ನೀನೂ ಕಾನ್ವೆಂಟಿಗೆ ಹೊರಟದ್ದಾ?"

"ನಿನ್ನನ್ನು ಅಲ್ಲಿಯ ಚಾಪೆಲಿನಲ್ಲಿ ಪ್ರಾರ್ಥನೆಯ ಗಂಟೆ ಹೊಡೀಲಿಕ್ಕೆ ಕರ್ಕೊಂಡು ಹೋಗ್ತೇನೆ, ಬಾ," ಎಂದಳು ಶರಲ್. ಬಾಯಲ್ಲಿ ಹಾಗೆಂದರೂ ಅವಳ ಕಣ್ಣು ತುಂಬಿತ್ತು.

ಮಾಸ್ಟ್ರು ಬಂಪರ್ ಸರಿಮಾಡಿ, ಈ ಸಲ ಗೇರಿನದನ್ನು ಹಾಕಿದರು. ಸ್ಟಿಯರಿಂಗ್ ಹಗುರವಾಯಿತು, ಕಾರು ಹೇಳಿದಂತೆ ತಿರುಗಿತು. ಆದರೆ ಚಿಮಿಣಿ ತಿರುವಿನ ಒಳಮಗ್ಗುಲಲ್ಲಿ ಒಂದು ಕಡೆ ನೆಲ ಕುಸಿದು ತಗ್ಗಾಗಿತ್ತು. ಹತ್ತಿರದ ದಾರಿ ಹಿಡಿದರೆ ಒಳಗಿನ ಮುಂಚಕ್ರ ಆ ತಗ್ಗಿನ ಮೇಲೆ ಒಂದು ಗಳಿಗೆ ಗಾಳಿಯಲ್ಲಿ ತೇಲುತ್ತಿತ್ತು. ಗೇರಿನ ಡಿಫರೆನ್ಷಿಯಲ್ ಹಿಡಿತವನ್ನು ಕೆಲವು ಪಟ್ಟು ಮಾಡುತ್ತದೆ ಎಂದೆನಲ್ಲ? ಗಾಳಿಯಲ್ಲಿರುವ ಚಕ್ರದ ಹಿಡಿತ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಚಕ್ರ ಕೀಂಯ್ ಎಂದು ಕಿರುಚಿತು, ಕಾರು ಮುಂದೆ ಹೋಗದೆ ಸೊರಗಿತು.

ಶರಲ್ ಕಾರಿನಿಂದ ಇಳಿದು ಬಾಗಿಲನ್ನು ದಡಾರನೆ ಹಾಕಿದಳು. "ಅಕ್ಕನದ್ದು ಹಾಕಿದರೆ ತಿರುಗುವುದಿಲ್ಲ. ಇದು ಹಾಕಿದರೆ ಓಡುವುದಿಲ್ಲ. ನಾನು ಎಂತ ಮಾಡಬೇಕು ಮಾಸ್ಟ್ರೇ?"

ಮಾಸ್ಟ್ರೇ ಕಾರನ್ನು ಗ್ಯಾರೇಜಿನ ಮುಂದಿನ ಚರಂಡಿಯ ಬಳಿಗೆ ತಂದು, ಒಂದು ಮುಂಚಕ್ರ ಚರಂಡಿಯ ಮೇಲೆ ಗಾಳಿಯಲ್ಲಿ ತೂಗುವಂತೆ ನಿಲ್ಲಿಸಿದರು. ಆಮೇಲೆ ಇಳಿದು, "ಕೂತ್ಕೋ. ಹೊರಗೆ ತೆಗಿ," ಎಂದರು.

ಶರಲ್ ಆಕ್ಸಿಲರೇಟರ್ ಒತ್ತಿದಳು. ಗಾಳಿಯಲ್ಲಿದ್ದ ಚಕ್ರ ಗಿರಗಿರ ತಿರುಗಿತು. ಕಾರು ಅಲುಗಲಿಲ್ಲ. ಇನ್ನೂ ಒತ್ತಿದಳು. ಚಕ್ರ ಇನ್ನೂ ಜೋರಾಗಿ ತಿರುಗಿತು. ಕಾರು ನಿಂತಲ್ಲೇ ಇತ್ತು.

"ಬಲಗಾಲು ಹಾಗೇ ಇರಲಿ. ಎಡಗಾಲಿನಲ್ಲಿ ಬ್ರೇಕನ್ನು ಸ್ವಲ್ಪ ಮುಟ್ಟು."

"ಮುಂದೆ ಹೋಗ್ಲಿಕ್ಕೆ ಬ್ರೇಕಾ?"

"ಮುಟ್ಟು ಅಂದೆ, ಮೆಟ್ಟು ಅನ್ನಲಿಲ್ಲ. ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ."

ಅವಳು ಮುಟ್ಟಿದಳು. ತೂಗುತ್ತಿದ್ದ ಚಕ್ರ ನಿಧಾನವಾಯಿತು. ಅದೇ ಕ್ಷಣ ನೆಲದ ಮೇಲಿದ್ದ ಚಕ್ರ ಮಣ್ಣನ್ನು ಕಚ್ಚಿತು. ಕಾರು ಮೆಲ್ಲಗೆ ಮುಂದೆ ಸರಿದು ಚರಂಡಿ ದಾಟಿ ಬಂತು.

ಇದು ಹೇಗಾಯಿತು? ಬ್ರೇಕಿನಿಂದ ಗಾಳಿಯಲ್ಲಿದ್ದ ಚಕ್ರಕ್ಕೆ ಒಂದಿಷ್ಟು ತಡೆ ಸಿಕ್ಕಿತು. ಈಗ ಅಲ್ಲಿದ್ದದ್ದು ಸೊನ್ನೆಯಲ್ಲ. ಆ ಒಂದಿಷ್ಟಕ್ಕೆ ಕೆಲವು ಪಟ್ಟು ಬಲ ನೆಲದ ಚಕ್ರಕ್ಕೆ ಹೋಯಿತು.

ಮಾಸ್ಟ್ರು ಕಿಟಕಿಯ ಬಳಿ ಬಗ್ಗಿದರು. "ನಿನ್ನ ಅಕ್ಕ ಹೋದ ಮೇಲೆ ನೀನು ಈ ಚಕ್ರದ ಹಾಗೆಯೇ ಆಗಿದ್ದಿ ಮಗಾ. ಎಷ್ಟು ಜೋರಾಗಿ ತಿರುಗ್ತಿ! ಕಾಲಡಿಗೆ ಮಾತ್ರ ನೆಲ ಇಲ್ಲ. ಅಕ್ಕನನ್ನು ಮರೆತುಬಿಡು ಅಂತ ನಾನು ಹೇಳುವುದಿಲ್ಲ. ಸ್ವಲ್ಪ ಹಿಡ್ಕೋ. ಹಿಡಿದರೆ ಆ ಬಲವೆಲ್ಲ ನೆಲಕ್ಕೆ ಬರ್ತದೆ. ಈಗ ಹೇಳು, ಯಾವುದು ಹಾಕುವ?"

ಶರಲ್ ಎಣ್ಣೆ ಬಟ್ಟೆಯ ಮೇಲಿದ್ದ ಅಕ್ಕನ ಡಿಫರೆನ್ಷಿಯಲ್ ಕಡೆ ಬಹಳ ಹೊತ್ತು ನೋಡಿದಳು. ಅದನ್ನು ಬಿಟ್ಟರೆ ಕಾನ್ವೆಂಟಿಗೆ ಹೊರಟ ಅಕ್ಕನನ್ನೇ ಇನ್ನೊಮ್ಮೆ ಬಸ್ಸು ಹತ್ತಿಸಿದ ಹಾಗಾಗುತ್ತದೆ ಎಂದು ಅವಳಿಗೆ ಅನಿಸುತ್ತಿತ್ತು. ಕೊನೆಗೆ, "ಇದೇ ಇರಲಿ, ಗೇರಿನದು," ಎಂದಳು. ಅಂದಿನಿಂದ ಪ್ರತಿ ಬೆಳಿಗ್ಗೆ ಎಡಗಾಲನ್ನು ಪಳಗಿಸಿದಳು. ಕ್ಲಚ್ಚನ್ನು ಮೆಟ್ಟಿಯೇ ಅಭ್ಯಾಸವಾದ ಕಾಲಿಗೆ ಮೆತ್ತಗೆ ಮುಟ್ಟಲು ಕಲಿಸುವುದು ಸುಲಭವಲ್ಲ. ಎಷ್ಟೋ ಸಲ ಕಾರು ಗಕ್ಕನೆ ನಿಂತು ಅವಳ ಹಣೆ ಸ್ಟಿಯರಿಂಗಿನ ಹತ್ತಿರ ಬಂತು.

ಕೊನೆಯ ಓಟದ ಭಾನುವಾರ ಬಂತು. ಕೊನೆಯ ಸುತ್ತಿನಲ್ಲಿ ಆಳ್ವನ ಕಾರು ಮುಂದೆ, ಶರಲ್‌ಳದು ಅದರ ಹಿಂದೆ. ಚಿಮಿಣಿ ತಿರುವು ಬಂತು. ಆಳ್ವ ತಗ್ಗನ್ನು ತಪ್ಪಿಸಿ ಸುತ್ತುಹಾಕಿದ. ಶರಲ್ ಹತ್ತಿರದ ದಾರಿ ಹಿಡಿದಳು. ಒಳಚಕ್ರ ಗಾಳಿಗೆ ಎದ್ದಿತು. ಅವಳ ಇಡೀ ದೇಹ ಮುಂದೆ, ಮುಂದೆ ಎನ್ನುತ್ತಿತ್ತು. ಆ ಗಳಿಗೆಯಲ್ಲೇ ಅವಳು ಎಡಗಾಲಿನಿಂದ ಬ್ರೇಕ್ ಮುಟ್ಟಿದಳು.

ಕಾರು ಕಿರುಚಲಿಲ್ಲ. ಒಂದು ಸಣ್ಣ ಗುಟುಕು ನುಂಗಿದಂತೆ ಸದ್ದು ತಗ್ಗಿತು, ಆಮೇಲೆ ಗಟ್ಟಿಯಾಗಿ ಏರಿತು. ಕಾರು ಹಗ್ಗ ಕಟ್ಟಿ ಎಳೆದಂತೆ ತಿರುವಿನಿಂದ ಹೊರಬಂತು. ಅವಳು ಆಳ್ವನ ಪಕ್ಕಕ್ಕೆ ಬಂದಳು, ಆದರೆ ಗೆರೆ ದಾಟುವಾಗ ಅವನೇ ಒಂದು ಬಾನೆಟ್ಟಿನಷ್ಟು ಮುಂದಿದ್ದ. ಶರಲ್ ಎರಡನೆಯವಳಾದಳು.

ಅದಕ್ಕೆ ಅವಳು ಅಳಲಿಲ್ಲ. ಹೆಲ್ಮೆಟ್ ತೆಗೆಯದೆ ಕಾರಿನಲ್ಲೇ ಕೂತು ಅತ್ತದ್ದು ಬೇರೆ ಕಾರಣಕ್ಕೆ. ಆ ಸದ್ದು ಅಕ್ಕನದಾಗಿರಲಿಲ್ಲ. ಅಕ್ಕನ ಸದ್ದು ಎಲ್ಲಿಯೂ ತುಂಡಾಗುತ್ತಿರಲಿಲ್ಲ. ಇದು ನಡುವೆ ಒಮ್ಮೆ ತಗ್ಗಿ ಏರಿತ್ತು. ಅಕ್ಕನ ಸದ್ದು ಈ ನೆಲದ ಮೇಲೆ ಇನ್ನೆಂದೂ ಕೇಳುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು.

ಸಂಜೆ ಫೋನ್ ಬಂತು.

"ಆ ತಿರುವಲ್ಲಿ ಎಂತ ಮಾಡಿದಿ, ಹೇಳು," ಎಂದಳು ಪ್ರೆಸಿಲ್ಲಾ. ಅವಳಿಗೆ ಮೊದಲು ಬೇಕಾದದ್ದು ಅದೇ.

"ಬ್ರೇಕ್ ಮುಟ್ಟಿದೆ."

"ಅಯ್ಯೋ! ಅಲ್ಲಿ ನಾನು ಯಾವತ್ತೂ ಬ್ರೇಕ್ ಮುಟ್ಟಿದವಳಲ್ಲ."

"ಗೊತ್ತುಂಟು. ನಿನ್ನ ಹಾಗೆ ಬರ್ಲಿಕ್ಕೆ ನನಗೆ ಆಗಲಿಲ್ಲ ಅಕ್ಕಾ. ನೀನು ನನ್ನ ಕಾರಲ್ಲಿ ಇರಬೇಕಿತ್ತು."

ಪ್ರೆಸಿಲ್ಲಾ ಹೇಳಿದಳು: "ಇಲ್ಲಿ ನಾನು ಆಸ್ಪತ್ರೆಯ ಜೀಪು ಓಡಿಸುವುದು. ಹಿಂದೆ ಹೆರಿಗೆ ನೋವಿನವರು ಮಲಗಿರ್ತಾರೆ, ದಾರಿ ತುಂಬ ಹೊಂಡ. ದಿನವಿಡೀ ನನ್ನ ಕಾಲು ಬ್ರೇಕಿನ ಮೇಲೆಯೇ. ನೀನು ಹುಡುಕುವ ಆ ಪ್ರೆಸಿ ಈಗ ನಾನೂ ಅಲ್ಲ ಮಾರಾಯ್ತಿ. ಅವಳ ನೆನಪು ನನಗೂ ಆಗ್ತದೆ."

ಶರಲ್ ಮೊದಲ ಬಾರಿಗೆ ಅಕ್ಕನ ದನಿಯಲ್ಲಿ ತನ್ನದೇ ಹಂಬಲವನ್ನು ಕೇಳಿದಳು. ಅದು ಅವಳ ನೋವನ್ನು ಕಳೆಯಲಿಲ್ಲ, ಆದರೆ ಅದನ್ನು ಹೊರುವವರು ಇಬ್ಬರಾದರು.

"ಅಕ್ಕಾ, ರಜೆಗೆ ಬಂದಾಗ ನನ್ನ ಕಾರಲ್ಲಿ ಕೂರ್ತಿಯಾ?"

"ಕೂರ್ತೇನೆ. ನೀನೇ ಓಡಿಸಬೇಕು, ನಿನ್ನ ಹಾಗೆಯೇ ಓಡಿಸಬೇಕು. ಹೆದರಿಕೆಯಾದರೆ ಜಪ ಮಾಡ್ತೇನೆ, ನನಗೆ ಅಭ್ಯಾಸ ಉಂಟು."

ಇಬ್ಬರೂ ನಕ್ಕರು. ನಗುತ್ತಿರುವಾಗಲೇ ಸಿಗ್ನಲ್ ಹೋಯಿತು. ಶರಲ್ ಫೋನನ್ನು ಕಿವಿಯಿಂದ ತೆಗೆಯದೆ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು.

ನೀತಿ: ನಾವು ಪ್ರೀತಿಸಿದವರ ವಸ್ತುವನ್ನು ಜೋಡಿಸಿಕೊಂಡ ಮಾತ್ರಕ್ಕೆ ಅವರು ಮರಳಿ ಬರುವುದಿಲ್ಲ, ನಾವು ಅವರಾಗುವುದೂ ಇಲ್ಲ. ಅವರ ಕೈಗೆ ಒಪ್ಪಿದ್ದು ನಮ್ಮ ಕೈಗೆ ಒಪ್ಪಬೇಕೆಂದಿಲ್ಲ. ಹಂಬಲಿಸುವುದು ತಪ್ಪಲ್ಲ, ಅದೂ ಒಂದು ಬಲವೇ. ಆದರೆ ಹಿಡಿತವಿಲ್ಲದ ಹಂಬಲ ಗಾಳಿಯಲ್ಲಿ ತಿರುಗುವ ಚಕ್ರ: ಸದ್ದು ಬಹಳ, ದಾರಿ ಸಾಗದು. ಅದನ್ನು ಪೂರ್ತಿ ನಿಲ್ಲಿಸಬೇಡಿ, ಮೆಲ್ಲಗೆ ಹಿಡಿಯಿರಿ. ಆಗ ಅದೇ ಬಲ ನೆಲ ಮುಟ್ಟಿ ನಿಮ್ಮನ್ನು ಮುಂದೆ ಒಯ್ಯುತ್ತದೆ.