ಮುಟ್ಟಲ್ಲದ ಮುಟ್ಟು

ಘಟಪ್ರಭೆಯ ದಂಡೆಯಲ್ಲಿ, ಹುಣಸೆಯ ನೆರಳಿಗೆ ಒರಗಿ ನಿದ್ರಿಸುವಂತಿದ್ದ ಮಣ್ಣಿನ ಕುಟೀರದಲ್ಲಿ ಪರಮಪೂಜ್ಯ ಮೌನಾಂಬಾ ತಾಯಿಯವರು ವಾಸವಾಗಿದ್ದರು. ಬೆಳಗಿನ ಮಂಜು ನದಿಯಿಂದೆದ್ದು ಒಳಬಂದು, ದೀಪದ ಸುತ್ತ ಸುಳಿದು, ಮತ್ತೆ ನದಿಗೇ ಮರಳುತ್ತಿತ್ತು. ಅಲ್ಲಿ ಕುಳಿತವರಿಗೆ ತಾವಿರುವುದು ಎಚ್ಚರದಲ್ಲೋ ಕನಸಿನಲ್ಲೋ ತಿಳಿಯುತ್ತಿರಲಿಲ್ಲವೆಂದು ಭಕ್ತರು ಇಂದಿಗೂ ಸ್ಮರಿಸುತ್ತಾರೆ.

ಅಂಥದೊಂದು ಮುಂಜಾವಿನಲ್ಲಿ ಶಿವಗಂಗವ್ವನೆಂಬ ಗೃಹಿಣಿ ನಾದಿನಿ ನೀಲವ್ವನೊಡನೆ ಬಂದಳು. ನೀಲವ್ವ ಒಳಹೊಕ್ಕು ನಮಸ್ಕರಿಸಿದಳು. ಶಿವಗಂಗವ್ವ ಮಾತ್ರ ಬೇಲಿಯಾಚೆ ಹಸಿ ಹುಲ್ಲಿನ ಮೇಲೆ ಸೆರಗು ಹೊದ್ದು ಕುಳಿತಳು. ತಾಯಿಯವರು ಕಾರಣ ಕೇಳಲು ನೀಲವ್ವ ನಕ್ಕಳು.

"ನಮ್ಮ ವೈನಿಗೆ ತಿರುಗಿ ಹರೇ ಬಂದೈತ್ರಿ ಅವ್ವಾರ. ಮೊಮ್ಮಗಳ ಜೋಡಿ ತಾನೂ ಹೊರಗ ಕುಂದರತಾಳ."

ಮುಟ್ಟು ನಿಂತು ಐದಾರು ವರ್ಷಗಳಾಗಿದ್ದ ಶಿವಗಂಗವ್ವನಿಗೆ ದೀಪಾವಳಿಯಿಂದೀಚೆಗೆ ಆಗಾಗ ರಕ್ತ ಕಾಣುತ್ತಿತ್ತು. ಮನೆಯವರು ಅದನ್ನು ಮುಟ್ಟೆಂದೇ ಬಗೆದರು. ಕಂಡಾಗಲೆಲ್ಲ ಆಕೆ ಹೊರಗೆ ಕುಳಿತು, ತಲೆಗೆ ನೀರು ಹಾಕಿಕೊಂಡು ಒಳಬರುತ್ತಿದ್ದಳು. ಮರೆತ ಹರಕೆಗೆ ದೇವಿ ಮುನಿದಿರಬೇಕೆಂಬ ಭಯದಿಂದ ಈಗ ಒಂದು ಚಿಟಿಕೆ ವಿಭೂತಿ ಬೇಡಲು ಬಂದಿದ್ದಳು. ದವಾಖಾನೆಯ ಮಾತೆತ್ತಿದರೆ, ಈ ವಯಸ್ಸಿನಲ್ಲಿ ಇದನ್ನು ಯಾರೆದುರು ಹೇಳಲೆಂದು ನಾಚುತ್ತಿದ್ದಳು.

ತಾಯಿಯವರು ಎದ್ದರು. ಮಂಜಿನಲ್ಲಿ ಅವರ ಪಾದಗಳು ಕಾಣಲಿಲ್ಲ. ತೇಲಿ ಬಂದಂತೆ ಬಂದು ಆಕೆಯ ಪಕ್ಕದಲ್ಲೇ ಕುಳಿತರು. ಆಕೆ ಹಿಂದೆ ಸರಿದು, ಮುಟ್ಟಬೇಡಿರೆಂದು ಬೇಡಿಕೊಂಡಳು. ತಾಯಿಯವರು ಆಕೆಯ ಕೈಗಳೆರಡನ್ನೂ ತಮ್ಮ ಮಡಿಲಿಗೆ ತೆಗೆದುಕೊಂಡರು.

"ಇದು ಮುಟ್ಟಲ್ಲ, ತಂಗಿ. ನಿಂತು ವರ್ಷ ದಾಟಿದ ಮ್ಯಾಲ ಒಂದು ಹನಿ ಕಂಡರೂ ಡಾಕ್ಟರಿಗೆ ತೋರಿಸಬೇಕು. ದೇವಿ ಮುನಿದಿಲ್ಲ. ನಿನ್ನ ಮೈ ನಿನ್ನ ಕರೀಲಿಕ್ಕತ್ತೈತಿ."

ಆದರೂ ಆಕೆ ವಿಭೂತಿಗೆ ಕೈಯೊಡ್ಡಿದಳು.

"ಮೊದಲ ತೋರಿಸ್ಕೊಂಡು ಬಾ," ಎಂದು ತಾಯಿಯವರು ಕಣ್ಮುಚ್ಚಿದರು.

ನೀಲವ್ವನ ನಗು ಅಡಗಿತ್ತು. ಅಂದೇ ಅವಳು ವೈನಿಯನ್ನು ಪಟ್ಟಣದ ದವಾಖಾನೆಗೆ ಕರೆದೊಯ್ದಳು. ಇಂಥ ರಕ್ತಸ್ರಾವವೆಲ್ಲ ಕ್ಯಾನ್ಸರ್ ಆಗಿರುವುದಿಲ್ಲ, ಆದರೆ ಪರೀಕ್ಷಿಸದೆ ಹೇಳಲಾಗದು ಎಂದು ಅಲ್ಲಿನ ವೈದ್ಯೆ ತಿಳಿಸಿದರು. ಪರೀಕ್ಷೆಯಲ್ಲಿ, ಗರ್ಭಕೋಶದ ಒಳಪದರದಲ್ಲಿ ರೋಗ ಆಗಷ್ಟೇ ಬೇರೂರುತ್ತಿದ್ದುದು ಕಂಡಿತು. ಅದು ಹೊರಗೆ ಹರಡಿರಲಿಲ್ಲ. ಗರ್ಭಕೋಶವನ್ನು ತೆಗೆದರು, ಶಿವಗಂಗವ್ವ ಉಳಿದಳು.

ಅಲ್ಲಿಂದ ಮರಳಿದ ಆಕೆ ಬೇರೆಯೇ ಹೆಂಗಸಾಗಿದ್ದಳು. ಒಡಹುಟ್ಟಿದವರೆದುರೂ ಬಾಯಿಬಿಡದಿದ್ದವಳು ಈಗ ಬಟ್ಟೆ ಒಗೆಯುವ ಕಲ್ಲಿನ ಬಳಿ ನೆರೆದ ಹೆಂಗಸರನ್ನು, ದನಿ ತಗ್ಗಿಸದೆ, "ಯಾರಿಗರ ಹೆಚ್ಚು ಕಡಿಮಿ ಆಗಿದ್ರ ಹೇಳ್ರೆವ್ವಾ, ಮುಚ್ಚಿಡಬ್ಯಾಡ್ರಿ," ಎಂದು ಕೇಳುತ್ತಿದ್ದಳು. ತಲೆ ತಗ್ಗಿಸಿದವಳ ಜೊತೆ ಮರುದಿನ ತಾನೇ ಪಟ್ಟಣದ ಬಸ್ಸು ಹತ್ತುತ್ತಿದ್ದಳು.