ಹದಿನಾಲ್ಕು ಅಂತಸ್ತಿನ ಗೆರೆ

"ಗುರುಗಳೇ, ಮಾಡಿದ ಕೆಲಸದ ಬಗ್ಗೆ ಹೆಮ್ಮೆ ಪಡುವುದು ತಪ್ಪೇ?" ಎಂದು ನಿಜಗುಣ ಕೇಳಿದ. ಮಠದ ಹೊಸ ಊಟದ ಮನೆಯನ್ನು ಮೂರು ವರ್ಷ ಮುಂದೆ ನಿಂತು ಕಟ್ಟಿಸಿದವನು ಅವನೇ. ಅದರ ಬಾಗಿಲ ಪಕ್ಕದ ಕಲ್ಲಿನಲ್ಲಿ ತನ್ನ ಹೆಸರು ಕೆತ್ತಿಸಬೇಕೆಂಬ ಆಸೆಯನ್ನೂ ಹೇಳಿಕೊಂಡ.

"ತಪ್ಪೇನಿಲ್ಲ. ಹೆಮ್ಮೆಪಟ್ಟವನೊಬ್ಬನ ಕತೆ ಕೇಳು" ಎಂದರು ಗುರುಗಳು.

ಒಂದು ನಗರದಲ್ಲಿ ಒಬ್ಬ ಬಡಗಿಯಿದ್ದ. ಕಾಂಕ್ರೀಟು ಸುರಿಯುವುದಕ್ಕೆ ಹಲಗೆಯ ಅಚ್ಚು ಕಟ್ಟುವುದು ಅವನ ಕಸುಬು. ಕಾಂಕ್ರೀಟು ಗಟ್ಟಿಯಾದ ಮೇಲೆ ಅಚ್ಚನ್ನು ಕಿತ್ತು ಹಾಕುತ್ತಾರೆ. ಎಷ್ಟು ಕಟ್ಟಡಕ್ಕೆ ದುಡಿದರೂ ಅವನ ಕೈಕೆಲಸ ಯಾವುದರಲ್ಲೂ ಉಳಿಯುತ್ತಿರಲಿಲ್ಲ.

ಅವನಿಗೆ ಮೂವತ್ತು ತುಂಬಿದ ವರ್ಷ ಆ ನಗರದಲ್ಲಿ ಹದಿನಾಲ್ಕು ಅಂತಸ್ತಿನ ವಸತಿ ಕಟ್ಟಡವೊಂದು ಏಳತೊಡಗಿತು. ಪ್ರತಿ ಮನೆಗೂ ಎರಡು ಕಡೆಯಿಂದ ಗಾಳಿ. ಕೆತ್ತನೆ, ಕುಸುರಿ ಎಲ್ಲಿಯೂ ಇಲ್ಲ. ನಕ್ಷೆ ಬರೆದವನು ಬಡಗಿಯನ್ನು ಕರೆದು, "ಈ ಗೋಡೆಗೆ ಗಾರೆಯಿಲ್ಲ, ಬಣ್ಣವಿಲ್ಲ. ನಿನ್ನ ಹಲಗೆ ಹೇಗಿರುತ್ತದೋ ಗೋಡೆಯೂ ಹಾಗೇ ಇರುತ್ತದೆ" ಎಂದ. ಅಂದು ಬಡಗಿಗೆ ಊಟ ಸೇರಲಿಲ್ಲ. ಮರುದಿನದಿಂದ ಒಂದೊಂದೇ ಹಲಗೆ ಆರಿಸಿ, ಅದರ ಗೆರೆ ನೆಟ್ಟಗೆ ನಿಲ್ಲುವಂತೆ ಜೋಡಿಸಿದ. ಕೆಳಗಿನ ಅಂತಸ್ತಿನ ಗೆರೆ ಮೇಲಿನದಕ್ಕೆ ಕೂಡುವವರೆಗೆ ಮೊಳೆ ಹೊಡೆಯಲಿಲ್ಲ. ಕಿತ್ತು ಹಾಕುವ ಹಲಗೆಗೆ ಏನು ಸಿಂಗಾರವೆಂದು ಜೊತೆಯವರು ಗೇಲಿ ಮಾಡಿದರು. ಹಲಗೆ ಕಿತ್ತರು, ಮರದ ಗೆರೆ ಗೋಡೆಯಲ್ಲಿ ಅಚ್ಚೊತ್ತಿ ಉಳಿಯಿತು. ಹಲಗೆಗಳು ಯಾರದೋ ನೀರೊಲೆಗೆ ಹೋದವು.

ಐವತ್ತು ವರ್ಷ ಕಳೆಯಿತು. ಊರಿಗೆ ಬಂದ ನೆಂಟರನ್ನೆಲ್ಲ ಬಡಗಿ ಮೊದಲು ಆ ಕಟ್ಟಡದ ಮುಂದೆ ಕರೆತಂದು ನಿಲ್ಲಿಸುತ್ತಿದ್ದ. ಬಿಸಿಲಿಗೆ ಗೊಣಗಿಕೊಂಡೇ ಅವರು ಕತ್ತೆತ್ತಿ ನೋಡುತ್ತಿದ್ದರು.

ಹೀಗಿರುವಾಗ ಅಲ್ಲಿನ ನಿವಾಸಿಗಳ ಸಂಘ ಗೋಡೆಗೆ ಗಾರೆ ಮೆತ್ತಿ ಬಣ್ಣ ಬಳಿಯಲು ನಿರ್ಧರಿಸಿತು. ಸಂಘದ ಅಧ್ಯಕ್ಷ ಒಬ್ಬ ವರ್ತಕ. ಅರ್ಧಕ್ಕೇ ಬಿಟ್ಟಂತಿರುವ ಗೋಡೆಯಿಂದ ಬಂದವರೆದುರು ಮಾನ ಹೋಗುತ್ತದೆ ಎಂಬುದು ಅವನ ವಾದ. ಸುದ್ದಿ ತಿಳಿದು ಬಡಗಿ ಓಡಿ ಬರುವಷ್ಟರಲ್ಲಿ ಸಾರುವೆ ಕಟ್ಟಿಯಾಗಿತ್ತು. ಗಾರೆ ಹಿಡಿಯಲೆಂದು ಉಳಿಯಿಂದ ಗೋಡೆ ಕೊಚ್ಚುತ್ತಿದ್ದರು. ಇದೊಂದು ಹೋದರೆ ಅವನು ದುಡಿದದ್ದಕ್ಕೆ ಗುರುತೇ ಇರುತ್ತಿರಲಿಲ್ಲ.

ಅವನು ಅಲ್ಲೇ ನಿಂತಿದ್ದ ವರ್ತಕನ ಕೈ ಹಿಡಿದು ಗೋಡೆಯ ಮೇಲಿಟ್ಟ. "ಸ್ವಾಮಿ, ಈ ಗೆರೆ ನೋಡ್ಕೊಂಡು ತುದಿವರೆಗೂ ಹೋಗಿ ಬನ್ನಿ. ಎಲ್ಲಾದ್ರೂ ತುಂಡಾಗಿದ್ರೆ ಹೇಳಿ, ಗಾರೆ ನಾನೇ ಕಲಸಿಕೊಡ್ತೀನಿ."

ಮುದುಕನ ಧಿಮಾಕು ಕಂಡು ವರ್ತಕನಿಗೆ ನಗು ಬಂತು. ತಪ್ಪು ಹುಡುಕಿಯೇ ಬರುತ್ತೇನೆಂದು ಗೋಡೆಯ ಪಕ್ಕದ ಮೆಟ್ಟಿಲು ಹತ್ತಿದ. ಪ್ರತಿ ಅಂತಸ್ತಿನಲ್ಲೂ ನಿಂತು ಗೆರೆಯ ಮೇಲೆ ಬೆರಳಾಡಿಸಿದ. ಏದುಸಿರು ಬಿಡುತ್ತ ಕೆಳಗಿಳಿದಾಗ ಅವನ ಮುಖದಲ್ಲಿ ನಗುವಿರಲಿಲ್ಲ.

"ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೀನಿ ಯಜಮಾನ್ರೇ. ಒಂದು ದಿನಾನೂ ನೋಡಿರ್ಲಿಲ್ಲ" ಎಂದ.

ಆಗಲೇ ಸಾರುವೆ ಬಿಚ್ಚಿಸಿದ. ಅಷ್ಟರಲ್ಲಿ ಬಿದ್ದಿದ್ದ ನಾಲ್ಕು ಉಳಿಯೇಟು ಮಾತ್ರ ಹಾಗೇ ಉಳಿದವು.

ಬಡಗಿ ರಸ್ತೆ ದಾಟಿ ನಿಂತು, ಗೋಡೆಯನ್ನು ಬುಡದಿಂದ ತುದಿಯವರೆಗೆ ನೋಡಿದ. ಅವನ ಎದೆ ಉಬ್ಬಿತ್ತು. ಅದನ್ನು ಮುಚ್ಚಿಡುವ ಗೋಜಿಗೆ ಅವನು ಹೋಗಲಿಲ್ಲ.

ಕತೆ ಕೇಳಿದ ನಿಜಗುಣನ ಕಣ್ಣು ತುಂಬಿತ್ತು. "ಅಂಥ ಹೆಮ್ಮೆ ನನಗೂ ಬೇಕು ಗುರುಗಳೇ" ಎಂದ.

"ಇಷ್ಟು ಹೊತ್ತು ಕೇಳಿದೆಯಲ್ಲ, ಅವನ ಹೆಸರೇನೆಂದು ಒಮ್ಮೆಯಾದರೂ ಕೇಳಬೇಕೆನಿಸಿತೇ?" ಎಂದರು ಗುರುಗಳು.